ಹೆಬ್ಬೆಟ್ಟು, ಸಹಿ ಮತ್ತು ವಿದ್ಯುನ್ಮಾನ ಪಾಸ್‌ಪೋರ್ಟ್

ಕೆಲವು ವರ್ಷಗಳ ಹಿಂದೆ ನಮ್ಮ ಪೇಟೆಯ ಅಂಗಡಿಯೊಂದರಲ್ಲಿ ನೆಲಗಡಲೆ ಕೊಂಡು ಮನೆಗೆ ಬಂದೆ. ಪೊಟ್ಟಣ ಬಿಚ್ಚಿ ನೋಡಿದರೆ ಅದು ಯಾರದೋ ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿ. ಅಪರಿಚಿತ ತರುಣನೊಬ್ಬನ ಮಸುಕು ಭಾವಚಿತ್ರ, ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟಿನ ಸಂಖ್ಯೆ, ಅವಧಿ ಮುಗಿಯುವ ದಿನ, ಎಲ್ಲವೂ ಅದರಲ್ಲಿ ಸ್ಪಷ್ಟವಾಗಿದ್ದವು. ಎಲ್ಲಿಯೋ ಅರ್ಜಿಯೊಂದಿಗೆ ಕೊಟ್ಟ ಪ್ರತಿ ರದ್ದಿಗೆ ಹೋಗಿ, ರದ್ದಿಯಿಂದ ಅಂಗಡಿಗೆ ಬಂದಿರಬೇಕು. ಕಡಲೆ ತಿಂದು ಮುಗಿದ ಮೇಲೂ ಆ ಕಾಗದವನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಅದನ್ನು ಒಲೆಗೆ ಹಾಕಿ ಸುಟ್ಟುಬಿಟ್ಟೆ.

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವಿಜ್ಞಾನ ವಿಷಯದಲ್ಲಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ ನನಗೆ ಮೊದಲು ನೆನಪಾದುದು ಆ ಪೊಟ್ಟಣ. ಕೊಲ್ಲಿ ರಾಷ್ಟ್ರಗಳಿಗೆ ಒಬ್ಬರಾದರೂ ಹೋಗದಿರುವ ಮನೆ ನಮ್ಮ ಕಾಸರಗೋಡಿನ ಕಡೆ ವಿರಳ. ಪಾಸ್‌ಪೋರ್ಟನ್ನು ನಾವು ಆಧಾರಪತ್ರಗಳ ಕಟ್ಟಿನೊಂದಿಗೆ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತೇವೆ. ಆದರೆ ಅದರ ಮುಖ್ಯ ಪುಟದ ಪ್ರತಿಯನ್ನು ಕೇಳಿದವರಿಗೆಲ್ಲ ಕೊಡುತ್ತೇವೆ. ಈಗ ಬಂದಿರುವ ವಿದ್ಯುನ್ಮಾನ ಪಾಸ್‌ಪೋರ್ಟಿನಲ್ಲಿ ಒಳಗೊಂದು ಚಿಪ್ ಇದೆ, ಅದರಲ್ಲಿ ನಮ್ಮ ಮುಖವೂ ಕೆಲವು ದೇಶಗಳಲ್ಲಿ ಬೆರಳಚ್ಚೂ ಇದೆ. ಅದಕ್ಕೆ ಎಂತಹ ಬೀಗ ಹಾಕಿದ್ದಾರೆ, ಬೀಗದ ಕೀಲಿ ಎಲ್ಲಿದೆ ಎಂಬುದನ್ನು ನಮ್ಮ ಶಾಲೆಯ ಮಕ್ಕಳಿಗೂ ಅವರ ಹೆತ್ತವರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಕೈಬರಹದಿಂದ ಯಂತ್ರವಾಚನಕ್ಕೆ

1980ರ ದಶಕದಲ್ಲಿ ನನ್ನ ಅಣ್ಣ ಕೊಲ್ಲಿಗೆ ಹೊರಟಾಗ ಅವನ ಪಾಸ್‌ಪೋರ್ಟಿನ ವಿವರಗಳೆಲ್ಲ ಕೈಬರಹದಲ್ಲಿದ್ದವು. ಭಾವಚಿತ್ರವನ್ನು ಅಂಟಿಸಿ, ಅದರ ಅಂಚಿಗೆ ಮುದ್ರೆ ಒತ್ತಿದ್ದರು. ಅಂತಹ ಪುಸ್ತಿಕೆಯ ಭದ್ರತೆಯೆಲ್ಲ ಅಂಟು, ಶಾಯಿ ಮತ್ತು ಪರೀಕ್ಷಿಸುವ ಅಧಿಕಾರಿಯ ಕಣ್ಣು ಇವುಗಳ ಮೇಲೆಯೇ ನಿಂತಿತ್ತು. ಚಿತ್ರವನ್ನು ಉಪಾಯದಿಂದ ಕಿತ್ತು ಬೇರೊಂದನ್ನು ಅಂಟಿಸುವುದು ಮೋಸಗಾರರ ಹಳೆಯ ವಿದ್ಯೆ.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1980ರಲ್ಲಿ ಯಂತ್ರವಾಚ್ಯ ಪಾಸ್‌ಪೋರ್ಟಿನ ನಿಯಮಾವಳಿಯನ್ನು ಪ್ರಕಟಿಸಿತು. 9303ನೆಯ ದಾಖಲೆಯೆಂದು ಅದು ಪ್ರಸಿದ್ಧವಾಗಿದೆ. ಮುಖ್ಯ ಪುಟದ ಕೆಳಗೆ ದೊಡ್ಡಕ್ಷರಗಳು, ಅಂಕಿಗಳು, ಬಾಣದ ತುದಿಯಂತಹ ಚಿಹ್ನೆಗಳು ತುಂಬಿದ ಎರಡು ಸಾಲುಗಳನ್ನು ವಾಚಕರು ನೋಡಿರಬಹುದು. ಸಾಲೊಂದಕ್ಕೆ 44 ಅಕ್ಷರಸ್ಥಾನಗಳು. ಯಂತ್ರವು ಓದುವುದು ಈ ಸಾಲುಗಳನ್ನೇ. ಯಂತ್ರವಾಚ್ಯವಲ್ಲದ ಪಾಸ್‌ಪೋರ್ಟುಗಳ ಬಳಕೆಯನ್ನು 2015ರ ನವೆಂಬರ್ 24ರೊಳಗೆ ಕೊನೆಗಾಣಿಸಬೇಕೆಂದು ಅದೇ ಸಂಸ್ಥೆ ಗಡುವು ವಿಧಿಸಿತ್ತು. ಕೈಬರಹದ ಪಾಸ್‌ಪೋರ್ಟ್ ಇದ್ದವರು ಆಗ ಹೊಸತನ್ನು ಮಾಡಿಸಿಕೊಳ್ಳಬೇಕಾಯಿತು.

ಆ ಸಾಲುಗಳಲ್ಲಿ ಒಂದು ಸೊಗಸಾದ ಬಾಯಿಲೆಕ್ಕ ಅಡಗಿದೆ. ಒಬ್ಬರ ಜನ್ಮದಿನ 1972ರ ಆಗಸ್ಟ್ 15 ಎಂದಿಟ್ಟುಕೊಳ್ಳೋಣ. ಅದನ್ನು 720815 ಎಂದು ಬರೆಯುತ್ತಾರೆ. ಈ ಅಂಕಿಗಳನ್ನು ಎಡದಿಂದ ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಬೇಕು. ಬರುವ ಗುಣಲಬ್ಧಗಳು 49, 6, 0, 56, 3, 5. ಇವುಗಳ ಮೊತ್ತ 119. ಅದನ್ನು ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷ 9. ಈ 9 ಪರಿಶೀಲನಾಂಕ. ಅದನ್ನು ಜನ್ಮದಿನಾಂಕದ ಪಕ್ಕದಲ್ಲಿಯೇ ಅಚ್ಚು ಮಾಡುತ್ತಾರೆ. ಕೈತಪ್ಪಿನಿಂದ ಕೊನೆಯ ಎರಡು ಅಂಕಿಗಳು ಅದಲುಬದಲಾಗಿ 720851 ಎಂದಾದರೆ ಮೊತ್ತ 127, ಶೇಷ 7. ಅಚ್ಚಾದ 9ಕ್ಕೂ ಲೆಕ್ಕದ 7ಕ್ಕೂ ಹೊಂದಿಕೆಯಾಗದು, ಯಂತ್ರವು ಕೂಡಲೇ ತಪ್ಪನ್ನು ಹಿಡಿಯುತ್ತದೆ.

ಆದರೆ ಇದು ಪ್ರಮಾದವನ್ನು ಹಿಡಿಯುವ ಉಪಾಯವೇ ಹೊರತು ಮೋಸವನ್ನು ಹಿಡಿಯುವ ಉಪಾಯವಲ್ಲ. ಲೆಕ್ಕದ ನಿಯಮ ಎಲ್ಲರಿಗೂ ಗೊತ್ತಿರುವುದರಿಂದ ಮೋಸಗಾರನೂ ಸರಿಯಾದ ಪರಿಶೀಲನಾಂಕವನ್ನು ಬರೆಯಬಲ್ಲ. ಪರಿಶೀಲಿಸುವುದು ಎಲ್ಲರಿಗೂ ಸಾಧ್ಯವಾಗಬೇಕು, ಸೃಷ್ಟಿಸುವುದು ಒಬ್ಬರಿಗೆ ಮಾತ್ರ ಸಾಧ್ಯವಾಗಬೇಕು. ಅಂತಹ ಗುರುತು ಬೇಕಾದರೆ ಗೂಢಲಿಪಿ ಶಾಸ್ತ್ರದ ಮೊರೆಹೋಗಬೇಕು.

ಪುಸ್ತಿಕೆಯೊಳಗೆ ಅಡಗಿದ ಚಿಪ್

ಚಿಪ್ ಇರುವ ಪಾಸ್‌ಪೋರ್ಟನ್ನು ಮೊತ್ತಮೊದಲು ನೀಡಿದ ದೇಶ ಮಲೇಷ್ಯಾ, 1998ರಲ್ಲಿ. ಎಲ್ಲ ದೇಶಗಳಿಗೂ ಒಂದೇ ಮಾದರಿ ಇರಬೇಕೆಂದು ವಿಮಾನಯಾನ ಸಂಸ್ಥೆ 2003ರಲ್ಲಿ ಯೋಜನೆಯೊಂದನ್ನು ಅಂಗೀಕರಿಸಿತು. ಮುಖದ ಚಿತ್ರ ಕಡ್ಡಾಯ, ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು. ಈ ಮಾದರಿಯ ಪಾಸ್‌ಪೋರ್ಟನ್ನು ಬೆಲ್ಜಿಯಂ 2004ರ ಕೊನೆಯಲ್ಲಿ, ಜರ್ಮನಿ 2005ರ ನವೆಂಬರಿನಲ್ಲಿ, ಅಮೆರಿಕ 2006ರಲ್ಲಿ ನೀಡತೊಡಗಿದವು.

ಈ ಚಿಪ್ಪಿಗೆ ಸ್ವಂತ ಬ್ಯಾಟರಿಯಿಲ್ಲ. ಪುಸ್ತಿಕೆಯೊಳಗೆ ಸುರುಳಿಯಾಗಿ ಹಾಸಿದ ತಂತಿಯೊಂದಿದೆ. ಓದುವ ಯಂತ್ರದ ಮೇಲೆ ಪುಸ್ತಿಕೆಯನ್ನಿಟ್ಟಾಗ ಯಂತ್ರದಿಂದ ಹೊರಡುವ ಕಾಂತಕ್ಷೇತ್ರ ಆ ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಪ್ರೌಢಶಾಲೆಯಲ್ಲಿ ಕಲಿತ ಫ್ಯಾರಡೆಯ ನಿಯಮವೇ ಇಲ್ಲಿ ಕೆಲಸ ಮಾಡುತ್ತದೆ. 13.56 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ಸುಮಾರು 10 ಸೆಂಟಿಮೀಟರ್ ಅಂತರದೊಳಗೆ ಮಾತುಕತೆ ನಡೆಯುವಂತೆ ಇದನ್ನು ರೂಪಿಸಿದ್ದಾರೆ. ಚಿಪ್ಪಿನಲ್ಲಿ ಮಾಹಿತಿಯನ್ನು 16 ಕಟ್ಟುಗಳಾಗಿ ಇಡಲು ಅವಕಾಶವಿದೆ. ಮೊದಲನೆಯ ಕಟ್ಟಿನಲ್ಲಿ ಅಚ್ಚಾದ ಆ ಎರಡು ಸಾಲುಗಳು, ಎರಡನೆಯದರಲ್ಲಿ ಮುಖ, ಮೂರನೆಯದರಲ್ಲಿ ಬೆರಳಚ್ಚು, ನಾಲ್ಕನೆಯದರಲ್ಲಿ ಕಣ್ಣಿನ ಗುರುತು.

ಗಡಿಯಲ್ಲಿ ಕೇಳಬೇಕಾದ ಮೂರು ಪ್ರಶ್ನೆಗಳು

ಪಾಸ್‌ಪೋರ್ಟನ್ನು ಕೈಗೆತ್ತಿಕೊಂಡ ಅಧಿಕಾರಿ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಚಿಪ್ಪಿನಲ್ಲಿರುವ ಮಾಹಿತಿ ಸರಕಾರ ಬರೆದದ್ದೇ? ಚಿಪ್ ಮೂಲದ್ದೇ, ನಕಲೇ? ಎದುರು ನಿಂತ ವ್ಯಕ್ತಿ ಅದರ ಒಡೆಯನೇ? ಈ ಮೂರು ಪ್ರಶ್ನೆಗಳು ಬೇರೆಬೇರೆ, ಉತ್ತರಿಸುವ ಉಪಾಯಗಳೂ ಬೇರೆಬೇರೆ. ವಿದ್ಯುನ್ಮಾನ ಪಾಸ್‌ಪೋರ್ಟಿನ ಕುರಿತು ಇರುವ ಗೊಂದಲಗಳಲ್ಲಿ ಹೆಚ್ಚಿನವು ಒಂದರ ಉತ್ತರವನ್ನು ಇನ್ನೊಂದರದೆಂದು ತಿಳಿಯುವುದರಿಂದ ಹುಟ್ಟಿದವು.

ಮೊದಲ ಪ್ರಶ್ನೆಗೆ ಉತ್ತರ ಡಿಜಿಟಲ್ ಸಹಿ. ವಿಮೆ ಮಾಡಿದ ಅಂಚೆಯ ಕಟ್ಟಿಗೆ ಅರಗಿನ ಮುದ್ರೆ ಹಾಕುತ್ತಿದ್ದುದನ್ನು ಹಿರಿಯರು ಬಲ್ಲರು. ಮುದ್ರೆಯ ಅಚ್ಚು ಒಬ್ಬನಲ್ಲಿ ಮಾತ್ರ ಇರುತ್ತಿತ್ತು, ಒತ್ತಿದ ಗುರುತನ್ನು ಯಾರೂ ನೋಡಬಹುದಾಗಿತ್ತು. ಡಿಜಿಟಲ್ ಸಹಿಯೂ ಹಾಗೆಯೇ. ಅದಕ್ಕೆ ಎರಡು ಕೀಲಿಗಳು. ಸಹಿ ಹಾಕುವ ಗುಪ್ತ ಕೀಲಿ ಸರಕಾರದಲ್ಲಿ ಮಾತ್ರ ಇರುತ್ತದೆ, ಪರೀಕ್ಷಿಸುವ ಬಹಿರಂಗ ಕೀಲಿಯನ್ನು ಎಲ್ಲ ದೇಶಗಳಿಗೂ ಹಂಚುತ್ತಾರೆ. ಈ ಎರಡು ಕೀಲಿಗಳ ಕಲ್ಪನೆಯನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ವಿದ್ವಾಂಸರು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಅದನ್ನು ಅವಿಭಾಜ್ಯ ಸಂಖ್ಯೆಗಳ ಮೂಲಕ ಸಾಧಿಸಿ ತೋರಿಸಿದರು. 53ನ್ನು 67ರಿಂದ ಗುಣಿಸಿ 3551 ಎಂದು ಹೇಳಲು ಒಂದು ನಿಮಿಷ ಸಾಕು. 3551ನ್ನು ಮಾತ್ರ ಕೊಟ್ಟು ಅದು ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಹುಡುಕಾಡಬೇಕು. ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಾದಾಗ ಆ ಹುಡುಕಾಟ ಇಂದಿನ ಗಣಕಯಂತ್ರಗಳಿಗೂ ಮುಗಿಯದ ಕೆಲಸ. ಒಂದು ದಿಕ್ಕಿನಲ್ಲಿ ಸುಲಭ, ಮರಳುವ ದಿಕ್ಕಿನಲ್ಲಿ ದುಸ್ತರವಾದ ಇಂತಹ ಲೆಕ್ಕಗಳೇ ಈ ಕೀಲಿಗಳ ಆಧಾರ.

ಚಿಪ್ಪಿನ ಪ್ರತಿಯೊಂದು ಕಟ್ಟಿನ ಮಾಹಿತಿಯಿಂದಲೂ ಒಂದು ಸಾರಸಂಖ್ಯೆಯನ್ನು ಲೆಕ್ಕಹಾಕುತ್ತಾರೆ. ಮಾಹಿತಿಯಲ್ಲಿ ಒಂದು ಚುಕ್ಕಿ ಬದಲಾದರೂ ಸಾರಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಈ ಸಾರಸಂಖ್ಯೆಗಳ ಪಟ್ಟಿಗೆ ಸರಕಾರ ತನ್ನ ಗುಪ್ತ ಕೀಲಿಯಿಂದ ಸಹಿ ಹಾಕುತ್ತದೆ. ಆದುದರಿಂದ ಹೆಸರನ್ನಾಗಲಿ ಚಿತ್ರವನ್ನಾಗಲಿ ಬದಲಿಸಿದರೆ ಸಹಿ ಸುಳ್ಳಾಗುತ್ತದೆ. ಹಳೆಯ ಕಾಲದ ಚಿತ್ರ ಕೀಳುವ ವಿದ್ಯೆ ಚಿಪ್ಪಿನ ಮೇಲೆ ನಡೆಯದು.

ಎರಡನೆಯ ಪ್ರಶ್ನೆಗೆ ಈ ಸಹಿ ಉತ್ತರ ಕೊಡುವುದಿಲ್ಲ. ಜೆರಾಕ್ಸ್ ಯಂತ್ರವು ಪತ್ರದೊಂದಿಗೆ ಅದರ ಮೇಲಿನ ಮುದ್ರೆಯನ್ನೂ ಪ್ರತಿ ತೆಗೆಯುವ ಹಾಗೆ, ಚಿಪ್ಪಿನ ಮಾಹಿತಿಯನ್ನು ಸಹಿಸಮೇತ ಬೇರೊಂದು ಚಿಪ್ಪಿಗೆ ಇಳಿಸಿದರೆ ಸಹಿ ಸರಿಯಾಗಿಯೇ ಇರುತ್ತದೆ. ಲೂಕಾಸ್ ಗ್ರುನ್‌ವಾಲ್ಡ್ ಎಂಬ ಜರ್ಮನ್ ತಜ್ಞ 2006ರಲ್ಲಿ ಇದನ್ನು ಸಭೆಯೊಂದರಲ್ಲಿ ಮಾಡಿ ತೋರಿಸಿದರು. ಇದಕ್ಕೆ ಪರಿಹಾರವಾಗಿ ಚಿಪ್ಪಿಗೆ ತನ್ನದೇ ಆದ ಒಂದು ಗುಪ್ತ ಕೀಲಿಯನ್ನು ಕೊಡಬಹುದು. ಅದು ಎಂದಿಗೂ ಚಿಪ್ಪಿನಿಂದ ಹೊರಗೆ ಬರುವುದಿಲ್ಲ. ಯಂತ್ರವು ಯಾವುದೋ ಒಂದು ಸಂಖ್ಯೆಯನ್ನು ಮುಂದಿಟ್ಟು ಸಹಿ ಹಾಕೆನ್ನುತ್ತದೆ. ಮೂಲ ಚಿಪ್ ಹಾಕುತ್ತದೆ, ನಕಲು ಚಿಪ್ಪಿನಲ್ಲಿ ಕೀಲಿಯಿಲ್ಲದುದರಿಂದ ಅದು ಸೋಲುತ್ತದೆ. ಆದರೆ ಈ ಏರ್ಪಾಡನ್ನು ಮೂಲ ನಿಯಮಾವಳಿಯಲ್ಲಿ ಐಚ್ಛಿಕವಾಗಿ ಇಟ್ಟಿದ್ದರು.

ಮೂರನೆಯ ಪ್ರಶ್ನೆಗೆ ಉತ್ತರ ಮುಖ ಅಥವಾ ಬೆರಳು. ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ಓದುವ ಹಕ್ಕು ಯಾರಿಗೆ?

ಸಹಿಯು ಮಾಹಿತಿಯನ್ನು ತಿದ್ದದಂತೆ ಕಾಯುತ್ತದೆ, ಕದ್ದು ಓದದಂತೆ ಕಾಯುವುದಿಲ್ಲ. ಮುಟ್ಟದೆಯೇ ಓದಬಹುದಾದ ಚಿಪ್ ಜೇಬಿನಲ್ಲಿರುವಾಗ ಪಕ್ಕದಲ್ಲಿ ನಿಂತವನೂ ಓದಲಾರನೇ? 2005ರಲ್ಲಿ ಜೂಯೆಲ್ಸ್, ಮೋಲ್ನರ್ ಮತ್ತು ವ್ಯಾಗ್ನರ್ ಎಂಬ ಮೂವರು ವಿಜ್ಞಾನಿಗಳು ಈ ಪ್ರಶ್ನೆಯನ್ನು ವಿವರವಾಗಿ ಪರಿಶೀಲಿಸಿ ಪ್ರಬಂಧ ಬರೆದರು. ಅದೇ ವರ್ಷ ಅಮೆರಿಕದ ವಿದೇಶಾಂಗ ಇಲಾಖೆ ಯಾವ ಬೀಗವೂ ಇಲ್ಲದ ಚಿಪ್ಪಿನ ಪ್ರಸ್ತಾವವನ್ನು ಮುಂದಿಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಿತು. ಬಂದ 2,335 ಅಭಿಪ್ರಾಯಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು ವಿರೋಧವಾಗಿದ್ದವು. ಇಲಾಖೆ ಪ್ರಸ್ತಾವವನ್ನು ತಿದ್ದಿತು. ಪುಸ್ತಿಕೆ ಮುಚ್ಚಿರುವಾಗ ಓದಲಾಗದಂತೆ ರಕ್ಷಾಪುಟದಲ್ಲಿ ಲೋಹದ ತಡೆಯನ್ನೂ ಚಿಪ್ಪಿಗೆ ಬೀಗವನ್ನೂ ಸೇರಿಸಿತು. ಜನಸಾಮಾನ್ಯರು ಕೇಳಿದ ಪ್ರಶ್ನೆಯಿಂದ ಯಂತ್ರದ ವಿನ್ಯಾಸವೇ ಬದಲಾದ ಉದಾಹರಣೆಯಿದು.

ಆ ಬೀಗದ ಉಪಾಯ ಸರಳವಾದುದು. ಪಾಸ್‌ಪೋರ್ಟಿನ ಸಂಖ್ಯೆ, ಜನ್ಮದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕ, ಈ ಮೂರರಿಂದಲೇ ಕೀಲಿ ಸಿದ್ಧವಾಗುತ್ತದೆ. ಪುಸ್ತಿಕೆಯನ್ನು ತೆರೆದು ಆ ಸಾಲುಗಳನ್ನು ಓದಿದ ಯಂತ್ರಕ್ಕೆ ಮಾತ್ರ ಚಿಪ್ ಬಾಯಿ ಬಿಡುತ್ತದೆ. ಪುಸ್ತಿಕೆಯನ್ನು ತೆರೆದು ಕೊಟ್ಟವನು ಓದಲು ಒಪ್ಪಿಗೆ ಕೊಟ್ಟಂತೆ ಎಂಬುದು ಇದರ ಹಿಂದಿನ ತರ್ಕ.

ಈ ಕೀಲಿ ಎಷ್ಟು ಗಟ್ಟಿ? ಲೆಕ್ಕ ಹಾಕೋಣ. ನೂರು ವರ್ಷಗಳ ಜನ್ಮದಿನಗಳು ಸುಮಾರು 36,500. ಹತ್ತು ವರ್ಷದ ಅವಧಿಯಲ್ಲಿ ಮುಗಿಯುವ ದಿನಗಳು ಸುಮಾರು 3,650. ಒಂಬತ್ತು ಅಂಕಿಗಳ ಸಂಖ್ಯೆಗಳು 100 ಕೋಟಿ. ಇವನ್ನೆಲ್ಲ ಗುಣಿಸಿದರೆ ಒಂದರ ಮುಂದೆ 17 ಸೊನ್ನೆಗಳನ್ನು ಬರೆದುದಕ್ಕಿಂತಲೂ ದೊಡ್ಡ ಸಂಖ್ಯೆ. ಕಾಗದದ ಮೇಲೆ ಇದು ಸಾಕಷ್ಟು ದೊಡ್ಡದು. ಆದರೆ ನೆದರ್‌ಲೆಂಡ್ಸ್‌ನಲ್ಲಿ ಪಾಸ್‌ಪೋರ್ಟುಗಳಿಗೆ ಒಂದಾದ ಮೇಲೊಂದರಂತೆ ಅನುಕ್ರಮ ಸಂಖ್ಯೆ ಕೊಡುತ್ತಿದ್ದರು. ಸಂಖ್ಯೆ ತಿಳಿದರೆ ಕೊಟ್ಟ ದಿನ ಊಹಿಸಬಹುದು, ದಿನದಿಂದ ಅವಧಿಯನ್ನು ಊಹಿಸಬಹುದು. ಸ್ವತಂತ್ರವೆಂದು ಎಣಿಸಿದ ಸಂಗತಿಗಳು ಹೀಗೆ ಒಂದಕ್ಕೊಂದು ಕೈಹಿಡಿದುಕೊಂಡಿದ್ದವು. ಮಾರ್ಕ್ ವಿಟ್ಟೆಮನ್ ಎಂಬ ತಜ್ಞ 2005ರಲ್ಲಿ ಪರಿಶೀಲಿಸಿದಾಗ ಹುಡುಕಬೇಕಾದ ಕೀಲಿಗಳು 2ರ 35ನೆಯ ಘಾತದಷ್ಟು, ಅಂದರೆ ಸುಮಾರು 3,400 ಕೋಟಿಗೆ ಇಳಿದಿದ್ದವು. ದೊಡ್ಡ ಸಂಖ್ಯೆಯೆಂದು ತೋರಿದರೂ ಸಾಧಾರಣ ಗಣಕಯಂತ್ರಕ್ಕೆ ಅದು ಕೆಲವು ಗಂಟೆಗಳ ಕೆಲಸ. ಯಂತ್ರಕ್ಕೂ ಚಿಪ್ಪಿಗೂ ನಡೆದ ಮಾತುಕತೆಯನ್ನು ಕದ್ದು ಕೇಳಿ ದಾಖಲಿಸಿಕೊಂಡವನು ಅದನ್ನು ಮನೆಯಲ್ಲಿ ಕುಳಿತು ಬಿಡಿಸಬಹುದಾಗಿತ್ತು.

ಬೆಲ್ಜಿಯಂನ ಕಥೆ ಇನ್ನೂ ವಿಚಿತ್ರ. 2004ರ ಕೊನೆಯಿಂದ 2006ರ ಜುಲೈವರೆಗೆ ಆ ದೇಶ ಕೊಟ್ಟ ಪಾಸ್‌ಪೋರ್ಟುಗಳ ಚಿಪ್ಪಿಗೆ ಈ ಸರಳ ಬೀಗವನ್ನೂ ಹಾಕಿರಲಿಲ್ಲವೆಂದು ಲೂವೇನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. 2010ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಚೋಥಿಯಾ ಮತ್ತು ಸ್ಮಿರ್ನೋವ್ ಇನ್ನೊಂದು ಸೂಕ್ಷ್ಮವನ್ನು ತೋರಿಸಿದರು. ಒಮ್ಮೆ ಕದ್ದು ಕೇಳಿದ ಸಂದೇಶವನ್ನೇ ಮತ್ತೆ ಕಳುಹಿಸಿದರೆ, ಅದೇ ಪಾಸ್‌ಪೋರ್ಟಿನ ನಿರಾಕರಣೆಗೂ ಬೇರೆ ಪಾಸ್‌ಪೋರ್ಟಿನ ನಿರಾಕರಣೆಗೂ ತುಸು ವ್ಯತ್ಯಾಸವಿರುತ್ತಿತ್ತು. ಒಳಗಿನ ಮಾಹಿತಿ ಸಿಗದಿದ್ದರೂ ಇಂಥವನೇ ಇಲ್ಲಿ ಹಾದುಹೋದನೆಂದು ತಿಳಿಯಲು ಅದು ಸಾಕು. ಹೆಸರು ಗೊತ್ತಾಗದೆಯೂ ಒಬ್ಬನ ಬೆನ್ನು ಹತ್ತಬಹುದು ಎಂಬುದೂ ಖಾಸಗಿತನದ ಪ್ರಶ್ನೆಯೇ.

ಇಂತಹ ದೋಷಗಳನ್ನು ಕಂಡು ಜರ್ಮನಿಯಲ್ಲಿ ಪೇಸ್ ಎಂಬ ಹೊಸ ಬೀಗವನ್ನು ರೂಪಿಸಿದರು. ಯುರೋಪಿನ ದೇಶಗಳು ಕ್ರಮೇಣ ಅದನ್ನು ಅಳವಡಿಸಿಕೊಂಡವು. ಇದರಲ್ಲಿ ಮಾತುಕತೆಯನ್ನು ಕದ್ದು ಕೇಳಿದರೂ ಮನೆಯಲ್ಲಿ ಕುಳಿತು ಬಿಡಿಸಲಾಗದು. ಬೆರಳಚ್ಚಿನ ಕಟ್ಟಿಗೆ ಅಲ್ಲಿ ಇನ್ನೊಂದು ಬಾಗಿಲಿದೆ. ಪಾಸ್‌ಪೋರ್ಟ್ ಕೊಟ್ಟ ದೇಶದಿಂದ ಅನುಮತಿಪತ್ರ ಪಡೆದ ಯಂತ್ರಕ್ಕೆ ಮಾತ್ರ ಅದು ತೆರೆಯುತ್ತದೆ. ಆದರೆ ಒಂದು ಮಾತು ಉಳಿಯುತ್ತದೆ. ಅಚ್ಚಾದ ಸಾಲುಗಳನ್ನು ಬಲ್ಲವನ ಕೈಗೆ ಪಾಸ್‌ಪೋರ್ಟ್ ಸಮೀಪಿಸಿದರೆ ಹೆಸರು ಮತ್ತು ಮುಖದ ಕಟ್ಟುಗಳು ಹೊಸ ಬೀಗದಲ್ಲಿಯೂ ತೆರೆಯುತ್ತವೆ. ಆ ಸಾಲುಗಳು ಇರುವುದು ನಾವು ಕೇಳಿದವರಿಗೆಲ್ಲ ಜೆರಾಕ್ಸ್ ಮಾಡಿ ಕೊಡುವ ಪುಟದಲ್ಲಿಯೇ. ಕಡಲೆಯ ಪೊಟ್ಟಣದಲ್ಲಿ ನನಗೆ ಸಿಕ್ಕಿದ್ದು ಅಂತಹದೊಂದು ಕೀಲಿ.

ಪರೀಕ್ಷಿಸದ ಸಹಿ

ಬೀಗ ಎಷ್ಟು ಗಟ್ಟಿಯಾದರೂ ಪರೀಕ್ಷಿಸುವವನು ಪರೀಕ್ಷಿಸದಿದ್ದರೆ ಫಲವಿಲ್ಲ. 2008ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕ ಯೆರೂನ್ ಫಾನ್ ಬೇಕ್, ಎಂದೋ ತೀರಿಕೊಂಡ ಗಾಯಕ ಎಲ್ವಿಸ್ ಪ್ರೀಸ್ಲಿಯ ಹೆಸರು ಮತ್ತು ಚಿತ್ರವಿರುವ ಚಿಪ್ಪನ್ನು ತಯಾರಿಸಿ ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದ ಸ್ವಯಂಸೇವಾ ಯಂತ್ರವೊಂದರಲ್ಲಿ ಇಟ್ಟರು. ಯಂತ್ರವು ಯಾವ ಆಕ್ಷೇಪವೂ ಇಲ್ಲದೆ ಎಲ್ವಿಸನ ಚಿತ್ರವನ್ನು ತೋರಿಸಿತು. ಅದು ಗಡಿ ತಪಾಸಣೆಯ ದ್ವಾರವಾಗಿರಲಿಲ್ಲ ಎಂಬುದು ನಿಜ. ಆದರೆ ಚಿಪ್ಪಿನ ಮೇಲಿದ್ದ ಸಹಿ ಯಾವುದಾದರೂ ದೇಶದ ನಿಜವಾದ ಸಹಿಯೇ ಎಂದು ಆ ಯಂತ್ರ ನೋಡಿರಲಿಲ್ಲ. ನೋಡಬೇಕಾದರೆ ಎಲ್ಲ ದೇಶಗಳ ಬಹಿರಂಗ ಕೀಲಿಗಳು ಅದರ ಬಳಿ ಇರಬೇಕು. ಅದಕ್ಕಾಗಿಯೇ ವಿಮಾನಯಾನ ಸಂಸ್ಥೆ 2007ರಲ್ಲಿ ಕೀಲಿಗಳ ಸಾಮಾನ್ಯ ಭಂಡಾರವೊಂದನ್ನು ಆರಂಭಿಸಿತ್ತು. ಆರಂಭದ ವರ್ಷಗಳಲ್ಲಿ ಅದನ್ನು ಸೇರಿದ ದೇಶಗಳು ಕೆಲವೇ. ಪರೀಕ್ಷಿಸದ ಡಿಜಿಟಲ್ ಸಹಿಗೂ ಸಹಿ ಇಲ್ಲದುದಕ್ಕೂ ವ್ಯತ್ಯಾಸವಿಲ್ಲ.

ದೇಹವೇ ಗುರುತಾದಾಗ

ಬೆರಳಚ್ಚನ್ನು ಆಡಳಿತದ ಗುರುತಾಗಿ ಬಳಸುವ ಪದ್ಧತಿ ಬೆಳೆದುದು ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆದಾರನೊಬ್ಬನಿಂದ ಕರಾರುಪತ್ರದ ಮೇಲೆ ಅಂಗೈಯ ಅಚ್ಚು ಹಾಕಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಸ್ಥಾಪನೆಯಾಯಿತು. ಅಚ್ಚುಗಳನ್ನು ವರ್ಗೀಕರಿಸುವ ಕ್ರಮವನ್ನು ಬೆಳೆಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರ ಪಾಲು ದೊಡ್ಡದು.

ನಮ್ಮ ಕಡೆ ಹೆಬ್ಬೆಟ್ಟೆಂದರೆ ಬೇರೆ ಅರ್ಥವಿತ್ತು. ಅಕ್ಷರ ಬಾರದವರ ಗುರುತು ಅದು. ನನ್ನನ್ನು ಈ ಶಾಲೆಗೆ ಸೇರಿಸಿದ ದಿನ ನನ್ನ ಅಮ್ಮ ಪ್ರವೇಶಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದ್ದಳು. ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು ಅವಳು. 1990-91ರ ಸಾಕ್ಷರತಾ ಆಂದೋಲನದ ಕಾಲದಲ್ಲಿ ಇದೇ ಶಾಲೆಯ ಜಗಲಿಯಲ್ಲಿ ಸಂಜೆಯ ತರಗತಿಗೆ ಬಂದು ಕನ್ನಡದಲ್ಲಿ ತನ್ನ ಹೆಸರು ಬರೆಯಲು ಕಲಿತಳು. ಆಮೇಲೆ ಅವಳು ಎಲ್ಲಿಯೂ ಹೆಬ್ಬೆಟ್ಟು ಒತ್ತಲಿಲ್ಲ.

ಹಲವು ವರ್ಷಗಳ ಬಳಿಕ ಅಣ್ಣನಿರುವಲ್ಲಿಗೆ ಹೋಗಿಬರಲೆಂದು ಅಮ್ಮನಿಗೆ ಪಾಸ್‌ಪೋರ್ಟ್ ಮಾಡಿಸಲು ಹೊರಟೆವು. ಅಲ್ಲಿ ಗಾಜಿನ ಮೇಲೆ ಬೆರಳಿಡಬೇಕಾಯಿತು. ಬೀಡಿಯೆಲೆ ಮುಟ್ಟಿ ಮುಟ್ಟಿ ಸವೆದ ಬೆರಳುಗಳ ಗೆರೆಗಳನ್ನು ಯಂತ್ರ ಗುರುತಿಸಲಿಲ್ಲ. ಒರೆಸಿ, ಒದ್ದೆ ಮಾಡಿ, ಒತ್ತಿ ಹಿಡಿದು ಮತ್ತೆ ಮತ್ತೆ ಇಟ್ಟಾಯಿತು. "ನನ್ನ ಬೆರಳಿನಲ್ಲಿ ಏನೂ ಉಳಿದಿಲ್ಲವೇನೋ ಮಗಾ?" ಎಂದು ಅಮ್ಮ ಮೆಲ್ಲನೆ ಕೇಳಿದಳು. ಹೇಗೋ ಕೆಲಸ ಮುಗಿಯಿತು. ಆದರೆ ಸರತಿಯಲ್ಲಿ ನಿಂತವರೆಲ್ಲ ತನ್ನನ್ನೇ ನೋಡುತ್ತಿದ್ದುದನ್ನು ಅವಳು ಮರೆಯಲಿಲ್ಲ. ಜೈವಿಕ ಗುರುತು ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಕೈಯಿಂದ ದುಡಿದವರಲ್ಲಿ, ವೃದ್ಧರಲ್ಲಿ ಅದು ಸವೆದಿರುತ್ತದೆ. ಗುರುತು ಸಿಗದವನನ್ನು ಯಂತ್ರ ಸಂಶಯದಿಂದ ನೋಡದಂತೆ ನಿಯಮಗಳನ್ನು ರೂಪಿಸುವುದು ಮನುಷ್ಯರ ಹೊಣೆ.

ಇನ್ನೊಂದು ಮುಖ್ಯ ಮಾತು. ಬೆರಳಚ್ಚಾಗಲಿ ಮುಖವಾಗಲಿ ರಹಸ್ಯವಲ್ಲ. ಮುಟ್ಟಿದಲ್ಲೆಲ್ಲ ಬೆರಳಚ್ಚನ್ನು ಬಿಟ್ಟುಬರುತ್ತೇವೆ, ಮುಖವನ್ನು ಎಲ್ಲರಿಗೂ ತೋರಿಸುತ್ತ ನಡೆಯುತ್ತೇವೆ. 2008ರಲ್ಲಿ ಜರ್ಮನಿಯ ಗಣಕ ತಜ್ಞರ ಸಂಘವೊಂದು ಆ ದೇಶದ ಗೃಹಮಂತ್ರಿ ವೋಲ್ಫ್‌ಗಾಂಗ್ ಷೋಯ್ಬ್ಲೆ ಅವರ ಬೆರಳಚ್ಚನ್ನು ಅವರು ನೀರು ಕುಡಿದ ಲೋಟದಿಂದ ತೆಗೆದು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿಬಿಟ್ಟಿತು. ಬೆರಳಚ್ಚಿನ ಪಾಸ್‌ಪೋರ್ಟನ್ನು ಸಮರ್ಥಿಸುತ್ತಿದ್ದ ಮಂತ್ರಿ ಅವರು. ಗುಪ್ತಪದ ಬಯಲಾದರೆ ಬದಲಿಸಬಹುದು, ಬೀಗದ ಕೀಲಿ ಕಳೆದರೆ ಬೀಗವನ್ನೇ ಬದಲಿಸಬಹುದು. ಬೆರಳನ್ನು ಬದಲಿಸಲಾಗದು. 2015ರಲ್ಲಿ ಅಮೆರಿಕದ ಸರಕಾರಿ ಸಿಬ್ಬಂದಿ ಕಚೇರಿಯೊಂದರ ದಾಖಲೆಗಳು ಕಳವಾದಾಗ ಅದರಲ್ಲಿ 56 ಲಕ್ಷ ಜನರ ಬೆರಳಚ್ಚುಗಳಿದ್ದವು. ಆ ಜನರು ಆಯುಷ್ಯವಿಡೀ ಅವೇ ಬೆರಳುಗಳೊಂದಿಗೆ ಬಾಳಬೇಕು.

ಆದುದರಿಂದ ಚಿಪ್ಪಿನಲ್ಲಿ ಬೆರಳಚ್ಚು ಇರುವುದಕ್ಕಿಂತ ಅದರ ಇನ್ನೊಂದು ಪ್ರತಿ ಎಲ್ಲಿ ಉಳಿಯುತ್ತದೆ ಎಂಬುದು ದೊಡ್ಡ ಪ್ರಶ್ನೆ. ಜರ್ಮನಿಯ ಕಾನೂನಿನಂತೆ ಪಾಸ್‌ಪೋರ್ಟನ್ನು ಒಡೆಯನ ಕೈಗಿತ್ತ ಮೇಲೆ ಕಚೇರಿಯಲ್ಲಿರುವ ಬೆರಳಚ್ಚನ್ನು ಅಳಿಸಿಬಿಡಬೇಕು. ನೆದರ್‌ಲೆಂಡ್ಸ್ ಎಲ್ಲವನ್ನೂ ಒಂದು ಕೇಂದ್ರ ಭಂಡಾರದಲ್ಲಿ ಇಡಲು ಹೊರಟು 2011ರಲ್ಲಿ ಕೈಬಿಟ್ಟಿತು. ಬೆರಳಚ್ಚು ಕೊಡಲೊಲ್ಲೆನೆಂದು ಜರ್ಮನಿಯ ನಾಗರಿಕನೊಬ್ಬ ಹೂಡಿದ ವ್ಯಾಜ್ಯದಲ್ಲಿ ಯುರೋಪಿನ ನ್ಯಾಯಾಲಯ 2013ರಲ್ಲಿ ನಿಯಮವನ್ನು ಎತ್ತಿಹಿಡಿಯಿತು. ಆದರೆ ಆ ನಿಯಮವು ಬೆರಳಚ್ಚನ್ನು ಪಾಸ್‌ಪೋರ್ಟಿನಲ್ಲಿ ಇಡಲು ಹೇಳುತ್ತದೆಯೇ ಹೊರತು ಕೇಂದ್ರ ಭಂಡಾರಕ್ಕೆ ಆಧಾರ ಒದಗಿಸುವುದಿಲ್ಲವೆಂದೂ ವಿವರಿಸಿತು.

ಮುಖದ ಗುರುತಿಗೂ ತೊಡಕುಗಳಿವೆ. ಇಬ್ಬರ ಚಿತ್ರಗಳನ್ನು ಗಣಕಯಂತ್ರದಲ್ಲಿ ಬೆರೆಸಿ ಒಂದು ಮಾಡಿದರೆ ಆ ಒಂದೇ ಚಿತ್ರದೊಂದಿಗೆ ಇಬ್ಬರೂ ಹೊಂದಿಕೆಯಾಗಬಲ್ಲರೆಂದು ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ತೋರಿಸಿದರು. ಸರಕಾರವೇ ಅಂತಹ ಚಿತ್ರಕ್ಕೆ ಸಹಿ ಹಾಕಿದರೆ ಸಹಿಯನ್ನು ಎಷ್ಟು ಪರೀಕ್ಷಿಸಿದರೂ ಮೋಸ ತಿಳಿಯದು. ಅರ್ಜಿದಾರನು ಚಿತ್ರವನ್ನು ತರುವ ಬದಲು ಕಚೇರಿಯಲ್ಲಿಯೇ ಚಿತ್ರ ತೆಗೆಯುವುದು ಇದಕ್ಕೆ ಒಳ್ಳೆಯ ಪರಿಹಾರ. ನಮ್ಮ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಈ ಕ್ರಮವಿದೆ.

ನಮ್ಮ ದೇಶದಲ್ಲಿ

ಭಾರತದ ಮೊದಲ ವಿದ್ಯುನ್ಮಾನ ಪಾಸ್‌ಪೋರ್ಟನ್ನು 2008ರ ಜೂನ್‌ನಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರಿಗೆ ನೀಡಲಾಯಿತು. ಅದು ರಾಜತಾಂತ್ರಿಕರಿಗೂ ಅಧಿಕಾರಿಗಳಿಗೂ ಸೀಮಿತವಾದ ಪ್ರಯೋಗವಾಗಿತ್ತು. ಜನಸಾಮಾನ್ಯರಿಗಾಗಿ 2024ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2025ರಲ್ಲಿ ದೇಶದ ಎಲ್ಲೆಡೆಗೆ ವಿಸ್ತರಿಸಿತು. ಮುಂಭಾಗದ ರಕ್ಷಾಪುಟದಲ್ಲಿ ಕೆಳಗಡೆ ಅಚ್ಚಾದ ಚಿಕ್ಕ ಚಿನ್ನದ ಬಣ್ಣದ ಚಿಹ್ನೆಯೇ ಒಳಗೆ ಚಿಪ್ ಇದೆಯೆಂಬುದರ ಗುರುತು. ಹಳೆಯ ಪಾಸ್‌ಪೋರ್ಟುಗಳು ಅವುಗಳ ಅವಧಿ ಮುಗಿಯುವವರೆಗೆ ಊರ್ಜಿತವಾಗಿರುತ್ತವೆ. ಆದುದರಿಂದ ಯಾರೂ ಗಾಬರಿಯಿಂದ ಬದಲಿಸಲು ಓಡಬೇಕಾಗಿಲ್ಲ.

ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ವ್ಯಾಜ್ಯವನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿ. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು ಕಾಯ್ದೆಯೊಂದನ್ನೂ ಮಾಡಿತು.

ನಾವು ಮಾಡಬಹುದಾದುದು

ಕಾಯ್ದೆ, ಚಿಪ್, ಕೀಲಿ ಇವೆಲ್ಲ ದೊಡ್ಡವರ ಕೆಲಸವಾಯಿತು. ನಮ್ಮ ಮನೆಗಳಲ್ಲಿ ನಾವು ಪಾಲಿಸಬಹುದಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ.

ಪಾಸ್‌ಪೋರ್ಟಿನ ಪ್ರತಿ ಕೊಡಬೇಕಾಗಿ ಬಂದಾಗ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದೆಂದು ಅದರ ಮೇಲೆ ಬರೆದು ಸಹಿ ಹಾಕಿರಿ. ನೋಡಿ ಹಿಂದಿರುಗಿಸಿದರೆ ಸಾಕಾಗುವಲ್ಲಿ ಪ್ರತಿ ಯಾಕೆಂದು ವಿನಯದಿಂದಲೇ ಕೇಳಿರಿ. ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಹೋದ ಪ್ರತಿಗಳನ್ನು ಅಲ್ಲಿಯೇ ಬಿಟ್ಟುಬರಬೇಡಿರಿ. ಮುಖ್ಯ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಬಂಧುಗಳ ಗುಂಪಿಗೆಲ್ಲ ಕಳುಹಿಸಬೇಡಿರಿ. ಹೊಸ ಪಾಸ್‌ಪೋರ್ಟನ್ನು ಮಡಚಬೇಡಿರಿ, ಅದಕ್ಕೆ ಪಿನ್ನು ಹೊಡೆಯಬೇಡಿರಿ, ಒಳಗಿನ ತಂತಿ ತುಂಡಾಗಬಹುದು. ಕಳೆದುಹೋದರೆ ನಾಚದೆ ಕೂಡಲೇ ಪೊಲೀಸರಿಗೂ ಪಾಸ್‌ಪೋರ್ಟ್ ಕಚೇರಿಗೂ ತಿಳಿಸಿರಿ. ಪರದೇಶದಲ್ಲಿ ಕೆಲಸಕ್ಕೆ ಹೋಗುವ ಮಕ್ಕಳು ಇನ್ನೊಂದನ್ನು ನೆನಪಿಡಬೇಕು. 1967ರ ಕಾಯ್ದೆಯಂತೆ ಪಾಸ್‌ಪೋರ್ಟ್ ಭಾರತ ಸರಕಾರದ ಸೊತ್ತು. ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಕೆಲಸ ಕೊಟ್ಟವನಿಗಿಲ್ಲ.

ಅಮ್ಮನ ಪಾಸ್‌ಪೋರ್ಟ್ ಈಗಲೂ ನಮ್ಮ ಕಪಾಟಿನಲ್ಲಿದೆ. ಅದು ಚಿಪ್ ಇಲ್ಲದ ಕಾಲದ್ದು, ಅದರ ಅವಧಿಯೂ ಮುಗಿದಿದೆ. ಭಾವಚಿತ್ರದ ಕೆಳಗೆ ತುಸು ಓರೆಯಾಗಿ ಕನ್ನಡದಲ್ಲಿ ಅವಳ ಸಹಿ ಇದೆ. ಅಂದು ಬೆರಳು ಗಾಜಿನ ಮೇಲೆ ಮೂಡದಿದ್ದಾಗ ಕುಗ್ಗಿದ ಅಮ್ಮ ಸಹಿ ಹಾಕುವ ಸರದಿ ಬಂದಾಗ ಕನ್ನಡಕ ಸರಿಪಡಿಸಿಕೊಂಡು, ಯಾರ ಸಹಾಯವನ್ನೂ ಕೇಳದೆ ಒಂದೊಂದೇ ಅಕ್ಷರವನ್ನು ಬರೆದಳು. ಆ ಅಕ್ಷರಗಳನ್ನು ಅವಳಿಗೆ ಕಲಿಸಿದ ಜಗಲಿಗೆ ಐವತ್ತು ವರ್ಷ ತುಂಬಿದ ಈ ಹೊತ್ತಿನಲ್ಲಿ ಅಲ್ಲಿ ಕಲಿಸಿದ ಎಲ್ಲ ಅಧ್ಯಾಪಕರಿಗೂ ನನ್ನ ವಂದನೆಗಳು.